ಎಣಿಕೆ ಕಾಣೆಯಾದ ಮಂಗಳವಾರ

ನನ್ನ ದೊಡ್ಡಮ್ಮನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಉಲ್ಲನ್ ಅಕ್ಕನ ಕಂಪ್ಯೂಟರನ್ನು ಬಿಚ್ಚಿ, ಒಳಗಿನ ತಂತಿಗಳನ್ನು ನೋಡಿಯೇ ಅಪರಾಧಿಯ ಹೆಸರು ಹೇಳಿದರು ಎಂದು ನಮ್ಮ ಕಟ್ಟಡದಲ್ಲಿ ಈಗ ಕತೆ ಹಬ್ಬಿದೆ. ಹಬ್ಬಿಸಿದವರಿಗೆ ಬೇರೆ ಕೆಲಸವಿಲ್ಲ. ಅವತ್ತು ದೊಡ್ಡಮ್ಮ ಕೈಯಿಂದ ಮುಟ್ಟಿದ್ದು ಒಂದು ನೋಟ್‌ಬುಕ್ ಮಾತ್ರ. ಉಳಿದದ್ದನ್ನೆಲ್ಲ ಕಿವಿಯಿಂದ ಕಂಡುಹಿಡಿದರು.

ಆ ಕಿವಿಯ ಬಗ್ಗೆ ಎರಡು ಮಾತು. ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮುಖ ಕಾಣದ ಜನರ ದನಿಯನ್ನಷ್ಟೇ ಕೇಳಿ ಕೇಳಿ, ಯಾರು ಎಲ್ಲಿ ತಡವರಿಸಿದರು ಎಂಬುದು ಅವರಿಗೆ ತಟ್ಟನೆ ತಿಳಿಯುತ್ತದೆ. ನಿವೃತ್ತರಾಗಿ ಈ ಐದು ಮಹಡಿಯ ಕಟ್ಟಡಕ್ಕೆ ಬಂದ ಮೇಲೆ ಕಳೆದುಹೋದ ಬೀಗದ ಕೈ, ಕದ್ದ ಕೊಡೆ, ಸಹಿಯಿಲ್ಲದ ಪತ್ರ ಎಲ್ಲವೂ ಅವರ ಬಾಗಿಲಿಗೇ ಬರುತ್ತವೆ. ನಾನು ಅವರ ತಂಗಿಯ ಮಗ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು. ಬಿಡುವಾದಾಗ ಅವರ ಹಿಂದೆ ಅಲೆಯುವುದು ನನ್ನ ಹಣೆಬರಹ, ನನಗೆ ಇಷ್ಟವಾದ ಹಣೆಬರಹ.

ಶನಿವಾರ ಮಧ್ಯಾಹ್ನ ಎರಡನೇ ಮಹಡಿಯ ಉಲ್ಲನ್ ಅಕ್ಕ ಬಂದರು. ಸ್ವೆಟರ್ ಹೆಣೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಎಂದೂ ಖಾಲಿಯಿರದ ಅವರ ಕೈಗಳು ಅವತ್ತು ಖಾಲಿಯಿದ್ದವು. ನನ್ನನ್ನು ಕಂಡು ಹಿಂಜರಿದರು. "ಅವನು ನನ್ನ ಹೊಟ್ಟೇಲಿ ಹುಟ್ಟಿಲ್ಲ ಅಷ್ಟೇ, ಹೇಳಿ," ಎಂದರು ದೊಡ್ಡಮ್ಮ.

"ನನ್ನ ತಲೇಲಿ ಏನೋ ಕೆಟ್ಟಿದೆ ಅನ್ಸುತ್ತೆ," ಎಂದರು ಉಲ್ಲನ್ ಅಕ್ಕ. "ಮನೇಲಿ ಯಾರಿಗೂ ಹೇಳಿಲ್ಲ. ನೀವೂ ಹೇಳ್ಬೇಡಿ."

ವಿಷಯ ಇದು. ಅವರ ಗಂಡ, ನಿವೃತ್ತ ಲೆಕ್ಕದ ಮೇಷ್ಟ್ರು, ಇಪ್ಪತ್ತು ವರ್ಷದ ಹಿಂದೆ ಹೆಂಡತಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಅದರ ಹೆಸರು 'ಎಣಿಕೆ'. ಎದೆಯಳತೆ, ತೋಳಿನಳತೆ ಕೊಟ್ಟರೆ ಯಾವ ಸಾಲಿನಲ್ಲಿ ಎಷ್ಟು ಕುಣಿಕೆ ಹಾಕಬೇಕೆಂದು ಅದು ಹೇಳುತ್ತಿತ್ತು. ಕಂಪ್ಯೂಟರುಗಳು ಬದಲಾದರೂ ಎಣಿಕೆ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಉಳಿದುಕೊಂಡಿತ್ತು. ಈಗ ಒಂದು ಹಾಡುಗಾರರ ತಂಡ ಇಪ್ಪತ್ತಮೂರು ಸ್ವೆಟರ್ ಕೇಳಿತ್ತು. ಕಡ್ಡಿಯಂಥವರಿಂದ ಹಿಡಿದು ಡ್ರಮ್ಮಿನಂಥವರವರೆಗೆ ಇಪ್ಪತ್ತಮೂರೂ ಬೇರೆ ಬೇರೆ ಅಳತೆ. ಮಂಗಳವಾರ ಬೆಳಿಗ್ಗೆ ಇದ್ದ ಎಣಿಕೆ ಬುಧವಾರ ಬೆಳಿಗ್ಗೆ ಇರಲಿಲ್ಲ. ನಡುವೆ, ಮಂಗಳವಾರ, ಅವರು ಮೂರು ಗಂಟೆ ಕಾಲ ಉಲ್ಲನ್ ಅಂಗಡಿಗೆ ಹೋಗಿದ್ದರು. ಮೊದಲ ಪ್ರತಿಯಿದ್ದ ಹಳೆಯ ಫ್ಲಾಪಿ ಡಿಸ್ಕ್ ಈಗಿನ ಯಾವ ಯಂತ್ರದಲ್ಲೂ ಓಡುವುದಿಲ್ಲ. ಎಣಿಕೆ ಹೋಯಿತು ಎಂದಷ್ಟೇ ಮನೆಯಲ್ಲಿ ಹೇಳಿದ್ದರು.

"ಯಾರಾದ್ರೂ ಅಳಿಸಿರಬಹುದಲ್ಲ?" ಎಂದೆ ನಾನು.

ಇಲ್ಲವೆಂದು ತಲೆಯಾಡಿಸಿದರು. ಅದನ್ನು ತೆಗೆದಿದ್ದರೆ ಆಂಟಿವೈರಸ್ ತೆಗೆದಿರಬೇಕು, ಗುರುತಿಲ್ಲದವರು ಬರೆದ ಪ್ರೋಗ್ರಾಂ ಕಂಡರೆ ಅದಕ್ಕೆ ಅನುಮಾನ. ಆದರೆ ಅವರು ಆರಿಸಿದ ಆಂಟಿವೈರಸ್ ಕೇಳದೆ ಏನನ್ನೂ ತೆಗೆಯುವುದಿಲ್ಲ. ಆರಿಸಿದ್ದೇ ಆ ಕಾರಣಕ್ಕೆ. ಅಂದರೆ ಅದು ಕೇಳಿದೆ, ತಾನು 'ಹೂಂ' ಅಂದಿದ್ದೇನೆ, ಅಂದದ್ದನ್ನು ಮರೆತಿದ್ದೇನೆ. ಇದು ಅವರ ಲೆಕ್ಕ.

"ಅದೊಂದೇ ಅಲ್ಲ," ಎಂದರು, ದನಿ ಇಳಿಸಿ. "ಬುಧವಾರ ಬೆಳಿಗ್ಗೆ ಅದು, ವೈರಸ್ಸನ್ನ ವಾರಕ್ಕೊಂದು ಸಲ ಹುಡುಕಲಾ ದಿನಾ ಹುಡುಕಲಾ ಅಂತ ಕೇಳ್ತು. ದಿನಾ ಸಂಜೆ ಹುಡುಕು ಅಂತ ತಿಂಗಳ ಹಿಂದೇನೇ ಉತ್ತರ ಕೊಟ್ಟಿದ್ದೆ ಅಂತ ನನ್ನ ನೆನಪು. ಅದೂ ಸುಳ್ಳು ನೆನಪೇ ಇರ್ಬೇಕು. ಸೋಮವಾರ ಉಲ್ಲನ್ ಎಲ್ಲ ವಾಪಸ್ ಕೊಟ್ಟುಬಿಡ್ತೀನಿ. ಇನ್ನು ಕಡ್ಡಿ ಮುಟ್ಟಲ್ಲ."

ಇಷ್ಟು ಹೇಳಿ ಮೂಗು ಒರೆಸಿಕೊಂಡರು. ನನ್ನ ಮೈಮೇಲಿದ್ದದ್ದು ಅವರೇ ಹೆಣೆದ ಸ್ವೆಟರ್. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ದೊಡ್ಡಮ್ಮ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು, ಹಳೆಯ ಹೆಡ್‌ಫೋನ್ ಇನ್ನೂ ಕಿವಿಯಲ್ಲಿದೆ ಎಂಬಂತೆ. ಆಮೇಲೆ ಆಂಟಿವೈರಸ್ ಆರಿಸಿದ ಕತೆ ಕೇಳಿದರು.

ಆ ಕತೆ ಇಡೀ ಕಟ್ಟಡಕ್ಕೆ ಗೊತ್ತಿತ್ತು, ಯಾಕೆಂದರೆ ಎರಡು ವಾರ ಆ ಮನೆಯಲ್ಲಿ ಅದೇ ರಾಮಾಯಣ. ಡೆಲಿವರಿ ವ್ಯಾನ್ ಓಡಿಸುವ ಮಗ ತನ್ನ ಡಿಪೋದಲ್ಲಿರುವುದೇ ಬೇಕೆಂದ. ದಂತವೈದ್ಯರ ಬಳಿ ಸಹಾಯಕಿಯಾಗಿರುವ ಸೊಸೆ ತನ್ನ ಕ್ಲಿನಿಕ್ಕಿನದೇ ಒಳ್ಳೆಯದೆಂದಳು. ಯಾವುದೂ ಬೇಡ, ಕಂಡಕಂಡದ್ದನ್ನು ಒತ್ತದಿದ್ದರೆ ಸಾಕು ಎಂದು ಮೇಷ್ಟ್ರು ಇಬ್ಬರನ್ನೂ ಗೇಲಿ ಮಾಡಿದರು. ಕೊನೆಗೆ ಉಲ್ಲನ್ ಅಕ್ಕನೇ ನೋಟ್‌ಬುಕ್ಕಿನಲ್ಲಿ ನಾಲ್ಕು ಹೆಸರು ಬರೆದು ಅಂಕಣಗಳನ್ನೆಳೆದರು. ಯಂತ್ರ ನಿಧಾನ ಮಾಡುತ್ತದೆಯೇ? ಸುಮ್ಮಸುಮ್ಮನೆ ಪೀಡಿಸುತ್ತದೆಯೇ? ಕೇಳದೆ ಏನಾದರೂ ತೆಗೆಯುತ್ತದೆಯೇ? ಮೂರನೇ ಹೆಸರು ಗೆದ್ದಿತು. ಮೇಷ್ಟ್ರು ಚದುರಂಗಕ್ಕೆ ಹೋಗಿದ್ದಾಗ ಸೊಸೆ ಅದನ್ನು ಹಾಕಿಕೊಟ್ಟಳು.

ಸಂಜೆ ಒಂದು ಸ್ವೆಟರಿನ ಗುಂಡಿ ಹಾಕಿಸುವ ನೆಪ ಮಾಡಿಕೊಂಡು ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದರು. ಉಲ್ಲನ್ ಅಕ್ಕ ಗುಂಡಿ ಹುಡುಕಲು ಒಳಗೆ ಹೋದಾಗ ಉಳಿದವರ ಜೊತೆ ಹರಟೆಗಿಳಿದರು. ನಮ್ಮ ಮನೆಗೂ ಒಂದು ಕಂಪ್ಯೂಟರ್ ತರಬೇಕು, ಯಾವ ಆಂಟಿವೈರಸ್ ಹಾಕಿಸಲಿ ಎಂದು ಮುಗ್ಧರಂತೆ ಕೇಳಿದರು. ನಾನು ನಗು ತಡೆದುಕೊಂಡೆ.

ಮಗ ತನ್ನ ಡಿಪೋದ್ದನ್ನೇ ಹೊಗಳಿದ. ಅಮ್ಮನ ಯಂತ್ರದಲ್ಲಿ ಯಾವುದಿದೆಯೋ ತನಗೆ ನೆನಪಿಲ್ಲವೆಂದ. ಅತ್ತೆ ಆರಿಸಿದ್ದೂ ಪರವಾಗಿಲ್ಲ, ಇನ್‌ಸ್ಟಾಲ್ ಮಾಡುವಾಗ ತೊಂದರೆಯೇನೂ ಕೊಡಲಿಲ್ಲ ಎಂದಳು ಸೊಸೆ.

"ತೊಂದರೆ ಕೊಡದೆ ಏನು," ಎಂದರು ಮೇಷ್ಟ್ರು ಪತ್ರಿಕೆಯ ಹಿಂದಿನಿಂದ. "ಅದು ಬಂದು ಕೂರೋದಕ್ಕೇ ಅರ್ಧ ಗಂಟೆ. ಅಂಥದ್ದು ಇನ್ನೇನು ಕಾವಲು ಕಾಯುತ್ತೆ?"

ಮೇಷ್ಟ್ರು ಅವತ್ತು ನನ್ನ ಮುಖ ನೋಡಲಿಲ್ಲ. ನನಗೂ ಅವರ ಮೇಲೆ ಸ್ವಲ್ಪ ಸಿಟ್ಟಿತ್ತು. ಬುಧವಾರದಿಂದ ನಾಲ್ಕು ದಿನ ಬೆಳಿಗ್ಗೆ ಅವರು ಚದುರಂಗ ಬಿಟ್ಟು ನಮ್ಮ ಅಂಚೆ ಕಚೇರಿಗೆ ಬಂದಿದ್ದರು. ಬರೆಯುವ ಮೇಜಿನ ಒಂದೇ ಕುರ್ಚಿ ಹಿಡಿದು, ಚೌಕುಳಿ ಹಾಳೆಯಲ್ಲಿ ಏನೇನೋ ಗೀಚಿ, ಹೊಡೆದುಹಾಕಿ, ಒಂದು ಅಂಚೆಚೀಟಿಯನ್ನೂ ಕೊಳ್ಳದೆ ಎದ್ದುಹೋಗುತ್ತಿದ್ದರು. ವಾಪಸ್ ಮೆಟ್ಟಿಲು ಹತ್ತುವಾಗ ಇದನ್ನು ದೊಡ್ಡಮ್ಮನ ಹತ್ತಿರ ದೂರಿದೆ. ಅವರು ಅರ್ಧ ಮೆಟ್ಟಿಲಿನಲ್ಲಿ ನಿಂತರು.

"ಇದನ್ನ ಈಗ ಹೇಳ್ತಿದೀಯಾ, ಪೆದ್ದ," ಎಂದು ಪ್ರೀತಿಯಿಂದ ನನ್ನ ತಲೆಗೊಂದು ಮೊಟಕಿದರು. "ನಾಳೆ ಬೆಳಿಗ್ಗೆ ಎಲ್ಲರನ್ನೂ ಕಾಫಿಗೆ ಕರಿ. ನೋಟ್‌ಬುಕ್ ತರೋಕೆ ಹೇಳು."

ಭಾನುವಾರ ನಾಲ್ವರೂ ಬಂದರು. ಉಲ್ಲನ್ ಅಕ್ಕ ಬಾಗಿಲ ಬಳಿಯ ಕುರ್ಚಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಕೂತರು. ದೊಡ್ಡಮ್ಮ ಪೀಠಿಕೆ ಹಾಕಲಿಲ್ಲ.

"ಎಣಿಕೆ ಎಲ್ಲಿ ಹೋಯ್ತು ಅಂತ ಹೇಳ್ತೀನಿ. ಬುಧವಾರ ಬೆಳಿಗ್ಗೆ ಆಂಟಿವೈರಸ್ಸು ಅಕ್ಕನ್ನ ಒಂದು ಪ್ರಶ್ನೆ ಕೇಳ್ತು, ದಿನಾ ಹುಡುಕಲಾ ವಾರಕ್ಕೊಂದು ಸಲಾನಾ ಅಂತ." ಸೊಸೆಯ ಕಡೆ ತಿರುಗಿದರು. "ಆ ಪ್ರಶ್ನೆ ಅದು ಯಾವಾಗ ಕೇಳುತ್ತಮ್ಮಾ?"

"ಹೊಸದಾಗಿ ಹಾಕಿದಾಗ. ಒಂದೇ ಸಲ," ಎಂದಳು ಸೊಸೆ. ಹೇಳಿದ ಮೇಲೆ ಅವಳ ಕಣ್ಣು ಅರಳಿದವು. "ಅದಕ್ಕೆ ಅತ್ತೆ ಅವತ್ತೇ ಉತ್ತರ ಕೊಟ್ಟಿದ್ರು. ನಾನು ಪಕ್ಕದಲ್ಲೇ ಇದ್ದೆ. ದಿನಾ ಸಂಜೆ ಹುಡುಕು ಅಂತ."

ದೊಡ್ಡಮ್ಮ ನೋಟ್‌ಬುಕ್ ತೆರೆದು ತೋರಿಸಿದರು. ಮೂರನೇ ಹೆಸರಿನ ಕೆಳಗೆ ಉಲ್ಲನ್ ಅಕ್ಕನ ಕೈಬರಹದಲ್ಲಿ 'ದಿನಾ ಸಂಜೆ' ಎಂದಿತ್ತು. ಆ ಉತ್ತರವನ್ನು ಮರೆತದ್ದು ಆಂಟಿವೈರಸ್ ಎಂದು ಅವರು ವಿವರಿಸಿದರು. ಒಂದೇ ಸಲ ಕೇಳುವ ಪ್ರಶ್ನೆಯನ್ನು ಅದು ಮತ್ತೆ ಕೇಳಿತು ಎಂದರೆ, ನಡುವೆ ಯಾರೋ ಅದನ್ನು ಕಿತ್ತು ಮತ್ತೆ ಹಾಕಿದ್ದಾರೆ. ಕಿತ್ತದ್ದು ಯಾಕೆ? ಇನ್ನೊಂದನ್ನು ಕೂರಿಸಲು. ಆ ಇನ್ನೊಂದು ಕೇಳದೆ ತೆಗೆಯುವ ಜಾತಿಯದು. ಬಂದ ಕೂಡಲೇ ಮನೆಯೆಲ್ಲ ಗುಡಿಸಿ ಎಣಿಕೆಯನ್ನು ಹಿಡಿದುಹಾಕಿತು. ಹಾಕಿದವರು ಗಾಬರಿಯಾಗಿ ಅದನ್ನು ಕಿತ್ತೆಸೆದರು. ಅದರ ಹೊಟ್ಟೆಯಲ್ಲಿದ್ದ ಎಣಿಕೆಯೂ ಅದರ ಜೊತೆಗೇ ಹೋಯಿತು. ಆಮೇಲೆ ಹಳೆಯದನ್ನು ತಂದು ಕೂರಿಸಿ ಏನೂ ಆಗದವರಂತೆ ಸುಮ್ಮನಾದರು. ಮಂಗಳವಾರ ಉಲ್ಲನ್ ಅಕ್ಕ ಅಂಗಡಿಗೆ ಹೋಗಿದ್ದ ಮೂರು ಗಂಟೆಯಲ್ಲಿ ಇದಿಷ್ಟೂ ನಡೆದಿದೆ.

"ನಾನಲ್ಲ," ಎಂದ ಮಗ.

"ನೀನಲ್ಲ ಅಂತ ಗೊತ್ತು. ನಿನಗೆ ಅದರ ಹೆಸರೂ ನೆನಪಿಲ್ಲ, ಮತ್ತೆ ಅದನ್ನೇ ಹುಡುಕಿ ಹೇಗೆ ಹಾಕ್ತೀಯ? ನಿನ್ನ ಹೆಂಡತಿಗೆ ಅದು ಒಂದೇ ಸಲ ಕೇಳುತ್ತೆ ಅಂತ ಗೊತ್ತು. ಅವಳು ಹಾಕಿದ್ರೆ ಉತ್ತರಾನೂ ತಾನೇ ಕೊಟ್ಟು ಮುಚ್ಚಿರ್ತಿದ್ಲು. ಗೊತ್ತಿಲ್ಲದವರು ಹಾಗೇ ಬಿಟ್ರು." ದೊಡ್ಡಮ್ಮ ಲೋಟ ಕೆಳಗಿಟ್ಟರು. "ಮೇಷ್ಟ್ರೇ, ಸೊಸೆ ಅದನ್ನ ಹಾಕಿದಾಗ ನೀವು ಚದುರಂಗದಲ್ಲಿದ್ರಿ. ಕೂರೋದಕ್ಕೆ ಅರ್ಧ ಗಂಟೆ ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಕನ್ನಡಕ ತೆಗೆದರು. ಅವರು ನನಗೂ ಲೆಕ್ಕ ಹೇಳಿಕೊಟ್ಟವರು.

ನಿಧಾನವಾಗಿ ಎಲ್ಲ ಹೇಳಿದರು. ಯಾರದೋ ಮನೆಯ ಕಂಪ್ಯೂಟರಿಗೆ ಕಳ್ಳರು ಬೀಗ ಜಡಿದು ವರ್ಷಗಳ ಕೆಲಸವನ್ನೆಲ್ಲ ಹಾಳುಮಾಡಿದರೆಂದು ಪತ್ರಿಕೆಯಲ್ಲಿ ಓದಿದ್ದರು. ಹೆಂಡತಿಯ ಡಿಸೈನುಗಳೆಲ್ಲ ಹಾಗೆ ಹೋದರೆ ಎಂದು ನಿದ್ದೆಗೆಟ್ಟರು. ಅಷ್ಟು ಗೇಲಿ ಮಾಡಿದ ಬಾಯಲ್ಲಿ ಹೆದರಿಕೆಯಾಯಿತು ಎನ್ನುವುದು ಹೇಗೆ? ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದನ್ನು ಗುಟ್ಟಾಗಿ ತಂದು ಹಾಕಿದರು. ಅದು ಹಿಡಿದ ಮೊದಲ ಕಳ್ಳ ಅವರೇ ಬರೆದ ಪ್ರೋಗ್ರಾಂ.

"ಮತ್ತೆ ಬರೆದುಕೊಟ್ಟು ಆಮೇಲೆ ಹೇಳೋಣ ಅಂತಿದ್ದೆ," ಎಂದರು. "ಅಂಚೆ ಕಚೇರೀಲಿ ಕೂತು ನಾಲ್ಕು ದಿನ ಒದ್ದಾಡಿದೆ. ತೋಳಿನ ಹತ್ರ ಬಂದು ನಿಂತೋಯ್ತು. ಆ ಸೂತ್ರ ಏನು ಮಾಡಿದ್ರೂ ಜ್ಞಾಪಕ ಬರ್ತಿಲ್ಲ." ಹೆಂಡತಿಯನ್ನು ನೋಡಿದರು. "ಹೋದರೆ ಹೋಗ್ಲಿ ಬಿಡಿ ಅಂದೆಯಲ್ಲೇ ನೀನು. ಅಷ್ಟೇನೂ ಬೇಜಾರಾಗಿಲ್ಲ ಅಂದ್ಕೊಂಡೆ."

ಉಲ್ಲನ್ ಅಕ್ಕನ ಗುಟ್ಟನ್ನು ದೊಡ್ಡಮ್ಮ ಆವರೆಗೆ ಬಾಯಿಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. ಉಲ್ಲನ್ ಅಕ್ಕನೇ ಎದ್ದು ನಿಂತರು.

"ನನಗೆ ಮರೆವಿನ ಕಾಯಿಲೆ ಬಂತು ಅಂದ್ಕೊಂಡಿದ್ದೆ ರೀ," ಎಂದರು. "ನಾಲ್ಕು ದಿನದಿಂದ. ಇನ್ನೊಂದು ವರ್ಷಕ್ಕೆ ನಿಮ್ಮ ಮುಖಾನೂ ಗುರುತು ಸಿಗದೇ ಹೋದ್ರೆ ಅಂತ ಕೂತು ಕೂತು ಅತ್ತಿದೀನಿ."

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಮಗ ಅವರ ಹೆಗಲು ಹಿಡಿದುಕೊಂಡ. "ತಪ್ಪಾಯ್ತು ಕಣೇ," ಎಂದರು. ಎರಡು ಮೂರು ಸಲ ಅದನ್ನೇ ಹೇಳಿದರು. ತರಗತಿಯಲ್ಲಿ ಸಿಂಹದಂತಿದ್ದವರು ಅಷ್ಟು ಚಿಕ್ಕ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಕಣ್ಣೂ ತುಂಬಿತು.

ಉಲ್ಲನ್ ಅಕ್ಕ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತರು. ಅವರ ಸಿಟ್ಟು ಇಳಿದಿರಲಿಲ್ಲ, ಆದರೆ ಮುಖ ಮಾತ್ರ ನಾಲ್ಕು ದಿನದ ಭಾರ ಇಳಿಸಿದವರ ಮುಖ.

"ತೋಳಿನ ಹತ್ರ ಏನು ಜ್ಞಾಪಕ ಇಲ್ಲ? ಆ ನಿಯಮ ಮೊದಲು ನಿಮಗೆ ಹೇಳಿಕೊಟ್ಟವಳೇ ನಾನು. ತಗೊಳ್ಳಿ ಪೆನ್ನು. ಎದೆ ಮೂವತ್ತಾರು ಇದ್ರೆ ಮೊದಲ ಸಾಲಲ್ಲಿ ಎರಡೂ ಕಡೆ ಐದೈದು ಕುಣಿಕೆ ಮುಚ್ಚಬೇಕು. ಆಮೇಲೆ ಸಾಲು ಬಿಟ್ಟು ಸಾಲು ಒಂದೊಂದು, ಏಳು ಸಲ. ಮೂವತ್ತೆಂಟಕ್ಕೆ ಆರಾರು, ಎಂಟು ಸಲ. ನಲವತ್ತಕ್ಕೆ ಆರಾರೇ, ಆದ್ರೆ ಒಂಬತ್ತು ಸಲ..."

ಅವರು ಎಲ್ಲೂ ತಡವರಿಸದೆ, ಒಂದು ಅಂಕಿಯನ್ನೂ ಹಿಂದೆ ತೆಗೆದುಕೊಳ್ಳದೆ ಹೇಳುತ್ತಲೇ ಹೋದರು. ನಲವತ್ತೆರಡು ಬರುವಷ್ಟರಲ್ಲಿ, ಸ್ವಲ್ಪ ನಿಧಾನವಾಗಿ ಹೇಳು ಎಂದು ಮೇಷ್ಟ್ರು ಬೇಡಿಕೊಳ್ಳುತ್ತಿದ್ದರು.