ಫ್ಲಾಪಿಯ ಬೆನ್ನು

ಅಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದುಡಿದವರು. ಮಗನಾದರೂ ಕೈಯಿರುವ ಕುರ್ಚಿಯಲ್ಲಿ ಕೂತಿದ್ದನ್ನು ಕಣ್ತುಂಬ ನೋಡಬೇಕೆಂಬುದೊಂದೇ ಅವರ ಆಸೆ. ಪ್ರೆಸ್ಸಿನ ಕಂಪ್ಯೂಟರ್ ಕೋಣೆಯಲ್ಲಿ ಅಂಥ ಕುರ್ಚಿ ಇದ್ದದ್ದು ಒಂದೇ, ಮುಖ್ಯಸ್ಥರದು. ಬರುವ ತಿಂಗಳು ಅದು ಅಕ್ಕನ ಪಾಲಾಗುವುದಿತ್ತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದ ಹಿರಿಯ ಆಪರೇಟರ್. ಅದೇ ಕೋಣೆಯಲ್ಲಿ ದುಡಿಯುತ್ತಿದ್ದ ಮಗನಿಗೆ ಕೆಲಸ ಕಲಿಸಿದವಳೂ ಅವಳೇ. ಕಂಪ್ಯೂಟರಿನ ಬರಹ ಉಳಿಸಿಡುವ ತೆಳ್ಳನೆಯ ಚೌಕ ಫ್ಲಾಪಿಯ ಒಂದು ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಅದಿದ್ದರೆ ಮಾತ್ರ ಯಂತ್ರ ಬರೆಯುತ್ತದೆ. ಎದುರಂಚಿಗೂ ಅಂಥದೇ ಕಚ್ಚು ಕೊಟ್ಟು ಮಗುಚಿ ಹಾಕಿದರೆ ಇನ್ನೊಂದು ಮೈಯೂ ಬಳಕೆಗೆ ಬರುತ್ತದೆ.

"ಫ್ಲಾಪಿಗೂ ಬೆನ್ನಿದೆ ಕಣೋ," ಎಂದು ನಕ್ಕಿದ್ದಳು. "ಹೊಸದು ಕೇಳಿದ್ರೆ ಮ್ಯಾನೇಜರ್ ಮುಖ ಗಂಟು ಹಾಕ್ತಾರೆ. ನಾವು ಬೆನ್ನ ಮೇಲೆ ಬರ್ಕೊಳ್ಳೋಣ."

ಆ ಬೆನ್ನೇ ಅವನಿಗೆ ದಾರಿ ತೋರಿಸಿತು. ಅಕ್ಕನ ಪತ್ರಗಳಿದ್ದ, ಇನ್ನೂ ಎರಡನೇ ಕಚ್ಚು ಬೀಳದ ಫ್ಲಾಪಿಯೊಂದನ್ನು ಚೀಲದಲ್ಲಿಟ್ಟು ಮನೆಗೆ ತಂದ. ಕಚ್ಚು ಹಾಕುವ ಆಫೀಸಿನ ಪಂಚು ಸದಾ ಅಕ್ಕನ ಕಣ್ಣೆದುರಿಗೇ ಇರುತ್ತಿತ್ತು. ಮನೆಯಲ್ಲಿ ಅಪ್ಪನ ಟಿಕೆಟ್ ಪಂಚು ಮೊಳೆಗೆ ನೇತಾಡುತ್ತಿತ್ತು. ಇನ್ನೊಂದು ಫ್ಲಾಪಿಯನ್ನು ಬೋರಲಾಗಿ ಮೇಲಿಟ್ಟು, ಪೆನ್ಸಿಲ್ಲಿನಿಂದ ಗುರುತು ಹಾಕಿ, ಒಮ್ಮೆ ಒತ್ತಿದ. ಕಚ್ಚು ಕಚ್ಚೇ, ಅದನ್ನು ಯಾರು ನೋಡುತ್ತಾರೆ? ಮರುದಿನ ಅಕ್ಕ ಊಟಕ್ಕೆ ಎದ್ದಾಗ, ಅಚ್ಚಿಗೆ ಬಂದಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಆ ಬೆನ್ನಿಗೆ ಇಳಿಸಿದ. ಬೆರಳಿನ ಗುರುತು ಒರೆಸಿ ಅವಳ ಡ್ರಾಯರಿನಲ್ಲಿಟ್ಟ. ಅಕ್ಕ ಪ್ರಶ್ನೆಪತ್ರಿಕೆ ಕದ್ದಿದ್ದಾಳೆಂದು ಮ್ಯಾನೇಜರಿಗೆ ಹೆಸರಿಲ್ಲದ ಚೀಟಿ ಹೋಯಿತು.

ಡ್ರಾಯರಿನಿಂದ ಫ್ಲಾಪಿ ಹೊರಬಂದಾಗ ಅಕ್ಕ ಕೂಗಾಡಲಿಲ್ಲ. "ಈ ಕಚ್ಚು ನಾನು ಹಾಕಿದ್ದಲ್ಲ ಸಾರ್," ಎಂದಷ್ಟೇ ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ಕಳೆದುಕೊಂಡು ಹೊರಡುವಾಗ ಅವನ ಪಕ್ಕ ಒಂದು ಗಳಿಗೆ ನಿಂತಳು. "ನೆಟ್ಟಗೆ ಕೂತ್ಕೊಳ್ಳೋ, ಗೂನು ಬರುತ್ತೆ."

ಕುರ್ಚಿ ಕೈಗೆ ಬಂದ ದಿನ ಅಪ್ಪನನ್ನು ಕರೆತಂದ. ಅಪ್ಪ ಕುರ್ಚಿಯ ಕೈಗಳನ್ನು ಸವರಿ ಕಣ್ಣೊರೆಸಿಕೊಂಡರು. ಆಮೇಲೆ ಮಗನೊಂದಿಗೆ ಮ್ಯಾನೇಜರಿಗೆ ಕೈಮುಗಿಯಲು ಹೋದರು. ಪೊಲೀಸರಿಗೆ ಕೊಡಲೆಂದು ತೆಗೆದಿಟ್ಟ ಫ್ಲಾಪಿ ಮೇಜಿನ ಮೇಲಿತ್ತು. ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಹಳೆಯ ಗೆಳೆಯ ಸಿಕ್ಕ ಹಾಗೆ ಮುಖ ಅರಳಿತು. "ಅರೆ, ಇದು ನಮ್ಮ ಪಂಚಿನ ಕಚ್ಚು ಅಲ್ವೇನೋ ಮಗಾ! ಒಂದ್ಸಲ ಚಕ್ರದಡಿ ಸಿಕ್ಕಿ ಅದರ ಬಾಯಿ ಮುಕ್ಕಾಯ್ತು ಸಾರ್. ಆಮೇಲೆ ನಾನು ಒತ್ತಿದ ಟಿಕೆಟ್ಟಿಗೆಲ್ಲ ಹೀಗೇ ಮೂಲೇಲಿ ಒಂದು ಪುಟ್ಟ ಬಾಲ. ಪಂಚು ಈಗ್ಲೂ ಮನೇಲೇ ಇದೆ, ಬೇಕಾದ್ರೆ ತಂದು ತೋರಿಸ್ತೀನಿ."