ಐದು ಇಪ್ಪತ್ತರ ಮುದ್ರೆ

೨೦೨೫ರ ಮಾರ್ಚ್ ೨೪, ಸೋಮವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಡಚ್ಚರ ಊರಾದ ನ್ಯೂವೆಗೈನ್‌ನ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ಇಬ್ಬರು. ಒಬ್ಬ ಲೆಕ್‌ಓವರ್ ಕಾಲೇಜಿನ ಉಪನಿರ್ದೇಶಕ ಬ್ರಾಂಟ್ಸ್. ಇನ್ನೊಬ್ಬಳು ಅಲ್ಲಿನ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು, ಅನ್ನೆಮೀಕ. ಬ್ರಾಂಟ್ಸ್ ಒಂದೇ ಸಮನೆ ಮಾತಾಡುತ್ತಿದ್ದ. ಅನ್ನೆಮೀಕ ಕೈಚೀಲದ ಪಟ್ಟಿ ತಿರುಚುತ್ತಿದ್ದಳು.

ಇನ್‌ಸ್ಪೆಕ್ಟರ್ ಚಂದ್ರಪ್ರಭಾ ಮಗಳ ಊಟದ ಡಬ್ಬಿಯನ್ನು ಮೇಜಿನಿಂದ ಪಕ್ಕಕ್ಕೆ ಸರಿಸಿದಳು. ಬೆಳಗಿನ ಗಡಿಬಿಡಿಯಲ್ಲಿ ಅನನ್ಯಾಳ ಡಬ್ಬಿ ತನ್ನ ಚೀಲಕ್ಕೆ ಬಂದಿತ್ತು. ತನ್ನ ಡಬ್ಬಿ ಎಲ್ಲಿ ಹೋಯಿತೋ, ದೇವರೇ ಬಲ್ಲ.

"ನಕಲಿ ಮುದ್ರೆ. ಬರೆದುಕೊಳ್ಳಿ," ಎಂದ ಬ್ರಾಂಟ್ಸ್.

"ಮುದ್ರೆ ನಕಲಿಯಲ್ಲ," ಎಂದಳು ಅನ್ನೆಮೀಕ ಮೆಲ್ಲಗೆ. "ಮುದ್ರೆ ನನ್ನದೇ. ಒತ್ತಿದ್ದು ನಾನಲ್ಲ."

ವಿಷಯ ಇಷ್ಟು. ಹಿಂದಿನ ಋತುವಿನಲ್ಲಿ ಕಾಲೇಜಿನ ಗಂಡುಮಕ್ಕಳ ಫುಟ್‌ಬಾಲ್ ತಂಡ ಇಬ್ಬರು ಹೊರಗಿನವರಿಗೆ ಸುಳ್ಳು ವಿದ್ಯಾರ್ಥಿ ಚೀಟಿ ಮಾಡಿಸಿ ಆಡಿಸಿತ್ತು. ಜನವರಿಯಲ್ಲಿ ಅದು ಬಯಲಾಯಿತು. ಕೋಚ್ ಬೇರೆ ಊರಿನ ಕ್ಲಬ್ ಸೇರಿಕೊಂಡ, ಹೊರಗಿನವರಿಬ್ಬರು ಮಾಯವಾದರು. ಶಿಸ್ತು ಮಂಡಳಿ ಇಡೀ ಫುಟ್‌ಬಾಲ್ ವಿಭಾಗವನ್ನೇ ಎರಡು ವರ್ಷ ಅಮಾನತ್ತಿನಲ್ಲಿಟ್ಟಿತು. ಹೆಣ್ಣುಮಕ್ಕಳ ತಂಡಕ್ಕೂ ಶಿಕ್ಷೆ, ಈ ವರ್ಷವಷ್ಟೇ ಸೇರಿದವರಿಗೂ ಶಿಕ್ಷೆ. ಮೈದಾನದ ಗೇಟಿಗೆ ಸರಪಳಿ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂದುಕೊಂಡಳು ಚಂದ್ರಪ್ರಭಾ. ಆದರೆ ದೂರಿನ ಹಾಳೆಯಲ್ಲಿ ಗಾದೆ ಬರೆಯುವಂತಿಲ್ಲ.

ಮೇಲ್ಮನವಿಗೆ ಶುಕ್ರವಾರ, ಮಾರ್ಚ್ ೨೧ರಂದು ಕೌಂಟರ್ ಮುಚ್ಚುವವರೆಗೆ ಗಡುವಿತ್ತು. ಸೋಮವಾರ ಎಂಟೂಕಾಲಿಗೆ ಅನ್ನೆಮೀಕ ಬಂದು ನೋಡಿದರೆ ಟ್ರೇಯಲ್ಲಿ ಹೆಣ್ಣುಮಕ್ಕಳ ತಂಡದ ಅರ್ಜಿ. ಹತ್ತೊಂಬತ್ತು ಸಹಿ. ಮೂಲೆಯಲ್ಲಿ ಸ್ವೀಕೃತಿ ಮುದ್ರೆ, ಅದರ ಕೆಳಗೆ ಪೆನ್ನಿನಲ್ಲಿ ಸಮಯ: ೧೭.೨೦.

"ಕೌಂಟರ್ ಮುಚ್ಚುವುದು ಎಷ್ಟಕ್ಕೆ?"

"ನಾಲ್ಕೂವರೆಗೆ."

"ಹಾಗಾದರೆ ಐದು ಇಪ್ಪತ್ತು ಅಂತ ಯಾಕೆ ಬರೆದರು? ಮೋಸವೇ ಮಾಡುವವರು ನಾಲ್ಕು ಇಪ್ಪತ್ತು ಅಂತ ಬರೆಯಬಹುದಿತ್ತಲ್ಲ?"

"ಕಾಲಲ್ಲಿ ಆಡುವವರಿಗೆ ತಲೆಯ ಕೆಲಸ ಎಲ್ಲಿಂದ ಬರಬೇಕು?" ಎಂದ ಬ್ರಾಂಟ್ಸ್. "ನಾಡಿದ್ದು ಬುಧವಾರ ಮಂಡಳಿ ಸೇರುತ್ತದೆ. ನಿಮ್ಮ ವರದಿ ಕೈಗೆ ಬರಲಿ. ಎರಡು ವರ್ಷವಲ್ಲ, ವಿಭಾಗವನ್ನೇ ಮುಚ್ಚಿಬಿಡುತ್ತೇವೆ. ಸುಳ್ಳು ಚೀಟಿಯವರೇ ಈಗ ಸುಳ್ಳು ಮುದ್ರೆ ಒತ್ತಿದ್ದಾರೆ."

"ಚೀಟಿ ಮಾಡಿಸಿದ್ದು ಗಂಡುಮಕ್ಕಳ ತಂಡ ಅಂದಿರಿ."

"ವಿಭಾಗ ಒಂದೇ."

ದೂರು ದಾಖಲಾಯಿತು. ಚಂದ್ರಪ್ರಭಾಳ ಊರಲ್ಲಾದರೆ ಅದನ್ನು ಎಫ್‌ಐಆರ್ ಎನ್ನುತ್ತಿದ್ದರು.

ಹತ್ತು ಐವತ್ತಕ್ಕೆ ಚಂದ್ರಪ್ರಭಾ ಕಾನ್‌ಸ್ಟೆಬಲ್ ಯೋರಿಸ್‌ನನ್ನು ಕರೆದುಕೊಂಡು ಕಾಲೇಜಿಗೆ ಹೋದಳು. ಅವಳ ತಂದೆ ಮೈಸೂರಿನಲ್ಲಿ ದಫೇದಾರರಾಗಿದ್ದವರು. ಮೊದಲು ಜಾಗ ನೋಡು, ಆಮೇಲೆ ಮುಖ ನೋಡು ಎನ್ನುತ್ತಿದ್ದರು. ಹದಿನಾರು ವರ್ಷದ ಹಿಂದೆ ಗಂಡನ ಕೆಲಸದ ಬೆನ್ನು ಹಿಡಿದು ಈ ದೇಶಕ್ಕೆ ಬಂದು, ಭಾಷೆ ಕಲಿತು, ಇಲ್ಲಿಯವಳೇ ಆಗಿ ಪೊಲೀಸ್ ಸೇರಿದ ಮೇಲೂ ಅವಳು ಆ ಮಾತು ಬಿಟ್ಟಿರಲಿಲ್ಲ. ಸ್ಥಳ ಪರಿಶೀಲನೆಗೆ ಅವಳು ಮನಸ್ಸಿನಲ್ಲಿ ಇಟ್ಟಿದ್ದ ಹೆಸರು ಇವತ್ತಿಗೂ ಪಂಚನಾಮೆಯೇ.

ಶುಕ್ರವಾರ ಐದು ಗಂಟೆಗೆ ಕಸ ಗುಡಿಸುವವಳು ಬರುತ್ತಾಳೆ. ಬಾಗಿಲು ಮುಚ್ಚಿಕೊಳ್ಳದಿರಲೆಂದು ಬಕೆಟ್ ಅಡ್ಡ ಇಟ್ಟು ಮಹಡಿಗೆ ಹೋಗುತ್ತಾಳೆ. ಹಾಗಾಗಿ ಬೀಗ ಒಡೆದ ಗುರುತಿಲ್ಲ. ಮುದ್ರೆಯಿದ್ದ ಡ್ರಾಯರಿನಲ್ಲೇ ಪರೀಕ್ಷೆಯ ಕಪಾಟಿನ ಕೀಲಿಕೈ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಮುದ್ರೆಯನ್ನು ಒರೆಸಿ ಇಡಲಾಗಿತ್ತು, ಶಾಯಿ ಪ್ಯಾಡಿನ ಮುಚ್ಚಳವೂ ಮುಚ್ಚಿತ್ತು.

"ನನ್ನ ಮಕ್ಕಳು ಸ್ಕೆಚ್ ಪೆನ್ನಿಗೂ ಮುಚ್ಚಳ ಹಾಕಲ್ಲ," ಎಂದ ಯೋರಿಸ್. "ಈ ಕಳ್ಳನನ್ನು ಒಂದು ವಾರ ನಮ್ಮ ಮನೆಗೆ ಕಳಿಸಿಕೊಡಿ."

ಚಂದ್ರಪ್ರಭಾ ಅನ್ನೆಮೀಕಳ ಕಡೆ ತಿರುಗಿದಳು. "ಗಡುವಿನ ಬಗ್ಗೆ ಯಾರಾದರೂ ವಿಚಾರಿಸಿದ್ದರಾ?"

"ಗುರುವಾರ ಒಂದು ಹುಡುಗಿ ಫೋನ್ ಮಾಡಿದ್ದಳು. ಹೆಸರು ಕೇಳಲಿಲ್ಲ. ಈಗಷ್ಟೇ ಡಚ್ ಕಲಿಯುತ್ತಿರುವವಳು."

"ಏನು ಕೇಳಿದಳು?"

"ನಾಳೆ ಎಷ್ಟು ಗಂಟೆಯವರೆಗೆ ಇರುತ್ತೀರಿ ಅಂತ. ನಾನು ಇಂಗ್ಲಿಷಿಗೆ ಹೊರಳಿದೆ. ಬೇಡ, ಡಚ್ಚಿನಲ್ಲೇ ಹೇಳಿ, ನಾನು ಕಲೀಬೇಕು ಅಂದಳು. ನನಗೆ ಖುಷಿಯಾಯಿತು."

"ನೀವು ಏನಂದಿರಿ? ಅದೇ ಮಾತು ಹೇಳಿ."

"ಹಾಲ್ಫ್ ಫೈಫ್ ಅಂದೆ."

ಚಂದ್ರಪ್ರಭಾಳ ಪೆನ್ನು ನಿಂತಿತು.

ಡಚ್ಚರು ಅರ್ಧ ಗಂಟೆಯನ್ನು ಮುಂದಿನ ಗಂಟೆಯಿಂದ ಹಿಂದಕ್ಕೆ ಎಣಿಸುತ್ತಾರೆ. ಹಾಲ್ಫ್ ಫೈಫ್ ಎಂದರೆ ಐದಾಗಲು ಇನ್ನೂ ಅರ್ಧ ಗಂಟೆ ಬಾಕಿ, ಅಂದರೆ ನಾಲ್ಕೂವರೆ. ಐದರ ಮೇಲೆ ಅರೆ ಸೇರಿಸಿ ಐದೂವರೆ ಎಂದು ಬೆಳೆದ ಕಿವಿಗೆ ಅದು ಬೇರೆಯೇ ಕೇಳುತ್ತದೆ. ಹನ್ನೊಂದು ವರ್ಷದ ಹಿಂದೆ ಶಿಶುವಿಹಾರದವರು ಚಂದ್ರಪ್ರಭಾಳಿಗೆ ಹಾಲ್ಫ್ ಫೀರ್‌ಗೆ ಮಗುವನ್ನು ಕರೆದೊಯ್ಯಿರಿ ಎಂದಿದ್ದರು. ಮೂರೂವರೆಗೆ ಹೋಗಬೇಕಿದ್ದವಳು ನಾಲ್ಕೂವರೆಗೆ ಐದು ನಿಮಿಷ ಮುಂಚೆಯೇ ಬಂದೆನೆಂದು ಹೆಮ್ಮೆಯಿಂದ ಬಾಗಿಲು ತಳ್ಳಿದ್ದಳು. ಮೂರು ವರ್ಷದ ಅನನ್ಯಾ ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ಏನಾಯಿತು?" ಎಂದ ಯೋರಿಸ್.

"ಮುದ್ರೆ ಒತ್ತಿದವರು ಸುಳ್ಳು ಸಮಯ ಬರೆದಿಲ್ಲ. ತಾವು ಬಂದ ಸಮಯವನ್ನೇ ಬರೆದಿದ್ದಾರೆ. ಗಡುವಿಗೆ ಇನ್ನೂ ಹತ್ತು ನಿಮಿಷ ಇದೆ ಅಂತ ನಂಬಿಕೊಂಡು."

ಅರ್ಜಿಯ ಸಹಿಗಳ ಮೇಲೆ ಅವಳ ಬೆರಳು ಇಳಿಯಿತು. ಹದಿನಾಲ್ಕನೆಯದು: ಗಾನವಿ ಅಂಗಡಿ, ಗೋಲ್‌ಕೀಪರ್.

ಎರಡು ಹತ್ತಕ್ಕೆ ಕಾಲುವೆ ದಂಡೆಯ ಹುಲ್ಲಿನಲ್ಲಿ ತಂಡ ಸಿಕ್ಕಿತು. ಮೈದಾನಕ್ಕೆ ಸರಪಳಿ ಬಿದ್ದ ಮೇಲೆ ಅವರ ಅಭ್ಯಾಸ ಇಲ್ಲೇ. ಗೋಲಿನ ಕಂಬಗಳ ಜಾಗದಲ್ಲಿ ಜಾಕೆಟ್‌ಗಳ ಗುಡ್ಡೆ. ಸಮವಸ್ತ್ರ ಕಂಡು ಚೆಂಡು ನಿಂತಿತು.

ಯೋರಿಸ್ ಬಂದ ಕಾರಣ ಹೇಳುವಷ್ಟರಲ್ಲಿ ಎತ್ತರದ ಹುಡುಗಿಯೊಬ್ಬಳು ಮುಂದೆ ಬಂದಳು. ನಾಯಕಿ ಫ್ಲೂರ್. "ನಾನೇ ಒತ್ತಿದ್ದು."

"ಎಷ್ಟು ಗಂಟೆಗೆ?" ಚಂದ್ರಪ್ರಭಾ ಕೇಳಿದಳು.

"ನಾಲ್ಕು ಇಪ್ಪತ್ತಕ್ಕೆ."

"ಮುದ್ರೆ ಯಾವ ಬಣ್ಣ?"

ಫ್ಲೂರ್ ತಡವರಿಸಿದಳು. "ನೀಲಿ."

"ಕೆಂಪು. ಸಮಯವೂ ತಪ್ಪು. ಪೊಲೀಸರ ಮುಂದೆ ಸುಳ್ಳು ಹೇಳಬಾರದು. ಒಳ್ಳೆಯ ಸುಳ್ಳಾದರೂ."

ಜಾಕೆಟ್ ಗುಡ್ಡೆಯ ಹತ್ತಿರ ನಿಂತಿದ್ದ ಹುಡುಗಿ ಕೈಗವಸು ಕಳಚಿದಳು. ಎಣ್ಣೆ ಹಚ್ಚಿ ಬಿಗಿದ ಜಡೆ. ಮೊಣಕಾಲೆಲ್ಲ ಮಣ್ಣು. "ಅವಳಿಗೆ ಏನೂ ಗೊತ್ತಿಲ್ಲ. ನಾನು," ಎಂದಳು ಡಚ್ಚಿನಲ್ಲಿ.

ಚಂದ್ರಪ್ರಭಾ ಅವಳನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದು ಕನ್ನಡಕ್ಕೆ ತಿರುಗಿದಳು. "ಯಾವೂರಮ್ಮಾ ನಿಂದು?"

ಹುಡುಗಿಯ ಕಣ್ಣು ಅರಳಿತು. "ಧಾರವಾಡ್ರೀ, ಮೇಡಂ. ನೀವು ಕನ್ನಡದವ್ರಾ?"

"ಮೈಸೂರು. ಶುಕ್ರವಾರ ಏನಾಯ್ತು ಹೇಳು."

"ಐದೂ ಇಪ್ಪತ್ತಕ್ಕ ಹೋದೆ ರೀ. ಕೌಂಟರ್‌ನ್ಯಾಗ ಯಾರೂ ಇಲ್ಲ. ಇನ್ನೂ ಹತ್ತು ನಿಮಿಷ ಟೈಮ್ ಐತಿ, ಆದ್ರೂ ಆ ಕೌಂಟರ್ ಬಾಯಾರು ಮನೀಗೆ ಹೋಗ್ಯಾರ! ಭಾಳ ಸಿಟ್ಟು ಬಂತು. ಬಾಗ್ಲಾ ತೆರದಿತ್ತು. ಅವ್ರು ಇದ್ದಿದ್ರ ಒತ್ತಿ ಕೊಡ್ತಿದ್ರಲ್ಲ, ನಾನೇ ಒತ್ತಿದೆ. ಟೈಮ್ ಸುದ್ಧಾ ಖರೇ ಬರದೇನಿ ನೋಡ್ರಿ."

"ಅವರು ಫೋನಲ್ಲಿ ಎಷ್ಟು ಗಂಟೆ ಅಂದ್ರು?"

"ಹಾಲ್ಫ್ ಫೈಫ್."

"ಅಂದ್ರೆ?"

ಗಾನವಿ ಐದು ಬೆರಳು ಎತ್ತಿದಳು. ಆಮೇಲೆ ಇನ್ನೊಂದು ಕೈಯ ತೋರುಬೆರಳನ್ನು ಅರ್ಧ ಮಡಚಿ ಅದರ ಪಕ್ಕ ಹಿಡಿದಳು. "ಐದೂವರಿ."

ದೂರದಲ್ಲಿ ನಿಂತಿದ್ದ ಗೆಳತಿಯರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಎರಡು ಡಚ್ ಪದ ಕಿವಿಗೆ ಬಿದ್ದಿತ್ತು, ಬೆರಳುಗಳು ಕಣ್ಣಿಗೆ ಬಿದ್ದಿದ್ದವು. ಫ್ಲೂರ್ ಬಾಯಿಗೆ ಕೈ ಇಟ್ಟುಕೊಂಡಳು. ಗಾನವಿ ಅವಳ ಮುಖ ನೋಡಿದಳು, ಚಂದ್ರಪ್ರಭಾಳ ಮುಖ ನೋಡಿದಳು. ಎತ್ತಿದ ಬೆರಳು ಒಂದೊಂದಾಗಿ ಮಡಚಿಕೊಂಡವು.

"ನಾಲ್ಕೂವರೆ ಕಣಮ್ಮಾ," ಎಂದಳು ಚಂದ್ರಪ್ರಭಾ.

"ಅವ್ರೆಲ್ಲಾ ಅರ್ಜಿ ನನ್ನ ಕೈಯಾಗ ಕೊಟ್ಟಿದ್ರು ರೀ," ಎಂದಳು ಗಾನವಿ. "ಗೋಲ್‌ಕೀಪರ್ ಕೈಯಿಂದ ಏನೂ ಜಾರಂಗಿಲ್ಲ ಅಂತ ನಗ್ತಿದ್ರು."

ಎರಡು ಮೂವತ್ತೈದಕ್ಕೆ ಬಂಧನ. ಅನುಮತಿಯಿಲ್ಲದೆ ಕಚೇರಿ ಪ್ರವೇಶ, ಸಂಸ್ಥೆಯ ಮುದ್ರೆಯ ದುರ್ಬಳಕೆ. ಸುಮ್ಮನಿರುವ ಹಕ್ಕು, ವಕೀಲರ ಹಕ್ಕು, ಎಲ್ಲವನ್ನೂ ಚಂದ್ರಪ್ರಭಾ ಎರಡು ಭಾಷೆಯಲ್ಲಿ ಹೇಳಿದಳು. ಕೈಕೋಳ ಹಾಕಲಿಲ್ಲ. ಹಿಂದಿನ ಸೀಟಿಗೆ ಮಣ್ಣು ತಾಗುತ್ತದೆಂದು ಗಾನವಿ ಹತ್ತಲು ಹಿಂಜರಿದಾಗ ಯೋರಿಸ್ ತನ್ನ ಮಳೆಕೋಟು ಹಾಸಿದ.

ವಕೀಲರೊಂದಿಗೆ ಫೋನಿನಲ್ಲಿ ಮಾತಾಡಿದ ಮೇಲೆ ಗಾನವಿ ಹೇಳಿಕೆ ಕೊಡಲು ಒಪ್ಪಿದಳು. ಹಸಿದಿದ್ದಳು. ಚಂದ್ರಪ್ರಭಾ ಮಗಳ ಡಬ್ಬಿ ತೆರೆದು ಮುಂದಿಟ್ಟಳು. ಚಿತ್ರಾನ್ನ ತಣ್ಣಗಾಗಿತ್ತು.

"ಯಾಕೆ ಮಾಡಿದೆ?"

"ಸುಳ್ಳು ಚೀಟಿ ಮಾಡಿಸಿದಾಗ ನಾ ಈ ದೇಶದಾಗ ಇದ್ದಿದ್ದಿಲ್ಲ ರೀ. ತಪ್ಪು ಮಾಡಿದವ್ರು ಹ್ವಾದ್ರು. ಉಳದವ್ರಿಗೆ ಶಿಕ್ಷಾ. ಯಾರ ಮುಂದಾರ ಒಮ್ಮೆ ಇದನ್ನ ಹೇಳಬೇಕಿತ್ತು."

ನಾಲ್ಕು ಗಂಟೆಗೆ ಬ್ರಾಂಟ್ಸ್ ಫೋನ್ ಮಾಡಿದ. "ವಿಭಾಗದ ಎರಡನೇ ಮೋಸ ಅಂತ ಬರೆಯಿರಿ."

"ಕಂಡಿದ್ದನ್ನು ಬರೆಯುತ್ತೇನೆ," ಎಂದು ಚಂದ್ರಪ್ರಭಾ ಫೋನ್ ಇಟ್ಟಳು.

ಅವಳು ಬರೆದದ್ದು ಇಷ್ಟು: ಆರೋಪಿ ಮುದ್ರೆ ಒತ್ತಿದ್ದು ನಿಜ, ಅದು ಅಪರಾಧ. ಆದರೆ ಬರೆದ ಸಮಯ ಸತ್ಯ. ಗಡುವು ಮೀರಿದ್ದನ್ನು ಅವಳದೇ ಅಕ್ಷರ ಸಾರುತ್ತಿರುವುದರಿಂದ ವಂಚಿಸುವ ಉದ್ದೇಶ ಕಾಣುವುದಿಲ್ಲ. ಮೊಕದ್ದಮೆ ಹೂಡುವುದು ಬಿಡುವುದು ಸರಕಾರಿ ವಕೀಲರಿಗೆ ಬಿಟ್ಟದ್ದು. ವರದಿಯ ಒಂದು ಪ್ರತಿ ಮಂಡಳಿಗೆ ಹೋಗುತ್ತದೆ. ಜೊತೆಗೆ ಸಾಕ್ಷ್ಯವೆಂದು ಹತ್ತೊಂಬತ್ತು ಸಹಿಯ ಅರ್ಜಿ ಪೂರ್ತಿಯಾಗಿ.

ಅಷ್ಟರಲ್ಲಿ ಕೌಂಟರನ್ನು ಬೇರೆಯವರಿಗೆ ಒಪ್ಪಿಸಿ, ಸೈಕಲ್ ತುಳಿದು ಏದುಸಿರು ಬಿಡುತ್ತ ಅನ್ನೆಮೀಕ ಬಂದಳು. ಕೈಯಲ್ಲಿ ಕಾಲೇಜಿನ ನಿಯಮ ಪುಸ್ತಕ. ಕಚೇರಿಯ ಮಾತಿನಿಂದಲೇ ತಡವಾಗಿದ್ದರೆ ಮಂಡಳಿ ಅರ್ಜಿ ಸ್ವೀಕರಿಸಬಹುದು ಎಂಬ ಕಲಮಿನ ಕೆಳಗೆ ಗೆರೆ ಎಳೆದಿದ್ದಳು.

"ಹೊಸಬಳು ಅಂತ ಗೊತ್ತಿತ್ತು. ಅಂಕಿಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ," ಎಂದಳು. "ನನ್ನ ಹೇಳಿಕೆಯನ್ನೂ ಸೇರಿಸಿ. ಬುಧವಾರ ಬ್ರಾಂಟ್ಸ್ ಎದುರಿಗೂ ಇದನ್ನೇ ಹೇಳುತ್ತೇನೆ."

ಚಂದ್ರಪ್ರಭಾ ಅದನ್ನೂ ಸೇರಿಸಿದಳು. ಆಮೇಲೆ ಗಾನವಿಯ ಹೇಳಿಕೆಯ ಕೊನೆಯ ಹಾಳೆಯನ್ನು ಅವಳ ಮುಂದೆ ತಳ್ಳಿದಳು. "ಸಹಿ ಮಾಡು. ಕೆಳಗೆ ಸಮಯ ಬರಿ."

ಗಾನವಿ ಸಹಿ ಹಾಕಿ ಗೋಡೆಯ ಗಡಿಯಾರದತ್ತ ತಲೆಯೆತ್ತಿದಳು. ಸಣ್ಣ ಮುಳ್ಳು ನಾಲ್ಕು ಮತ್ತು ಐದರ ನಡುವೆ, ದೊಡ್ಡದು ನೇರ ಕೆಳಗೆ. ಪೆನ್ನು ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು.

"ಮೇಡಂ," ಎಂದಳು. "ಈಗಲ್ರೀ, ಹಾಲ್ಫ್ ಫೈಫ್?"

"ಹೌದು. ಈಗ."

ಅವಳು ಅಂಕಿ ಬರೆಯಲಿಲ್ಲ. ಆ ಎರಡು ಪದಗಳನ್ನೇ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ತಿದ್ದಿ ಬರೆದಳು.