ಎರಡನೇ ಪಂಕ್ತಿಯ ಮದುಮಗಳು

"ನಿಂದ್ರಸ್ರೀ ಆ ಸಪ್ಪಳ!"

ಮದುಮಗಳ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ದಬ್ಬಿ, ರುದ್ರಾಣಿ ಅಡುಗೆಮನೆಗೆ ನುಗ್ಗಿದಳು.

ಒಲೆಯ ಮುಂದಿದ್ದವನು ತಿರುಗಿ ನೋಡಿದ. ಅವನ ಕಾಲ ಬಳಿ ಈಗಷ್ಟೇ ಬಿದ್ದ ಹಿತ್ತಾಳೆ ಕೊಳಗ ಇನ್ನೂ ಗಿರಗಿರ ತಿರುಗುತ್ತಿತ್ತು.

"ಅಲ್ರೀ, ಹೊರಗ ನಾಟಕದ ತಾಲೀಮು ನಡದೈತಿ. ನಾ ಬಾಯಿ ತಗದ್ರ ಸಾಕು, ಒಳಗ ನಿಮ್ಮ ಪಾತ್ರಿ ಮೇಳ! ಬೇಕಂತ ಮಾಡಾಕತ್ತೀರೇನು?"

"ಕೈ ಜಾರ್ತು, ಮೇಡಂ."

"ಮೂರು ಸಲ?"

ಅವನು ಬಗ್ಗಿ ಕೊಳಗ ಎತ್ತಿಟ್ಟ. ನಗಲಿಲ್ಲ. "ಮೂರು ಸಲಾನೂ ನೀವು ಅದೇ ಮಾತು ಹೇಳಿದ್ರಿ. ಅದು ಕಿವಿಗೆ ಬಿದ್ದಾಗೆಲ್ಲ ಕೈ ಜಾರ್ತಿದೆ. ಏನ್ ಮಾಡ್ಲಿ?"

ರುದ್ರಾಣಿಯ ಮುಖ ಕೆಂಪೇರಿತು. 'ಓಹೋ... ಇವಂದು ಈ ನಮೂನಿ ಆಟ!'

"ಇಂಥಾ ಡೈಲಾಗ್ ನಾ ಬಾಳ ಕೇಳೇನಿ. ಬ್ಯಾರೆ ಯಾರಿಗರ ಹೇಳ್ರಿ!"

ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಒಲೆಯ ಮುಂದೆ ಸಿದ್ಧಾರ್ಥ್ ಆ ಬಾಗಿಲನ್ನೇ ನೋಡುತ್ತ ನಿಂತ. ತಾನು ಹೇಳಿದ್ದು ನಿಜ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆ ಅದು. ಕಲ್ಲಿನ ಗೋಡೆ, ಕಿಟಕಿಗಳ ಮೇಲೆ ಕೆತ್ತನೆಯ ಮರದ ಮಂಕಿಟಾಪ್ ಇಳಿಮಾಡು, ಕನ್ನಡಿಯಂತೆ ಹೊಳೆಯುವ ಕೆಂಪು ಗಾರೆ ನೆಲ. ಬಂಗಲೆಯನ್ನು ನಡೆಸುತ್ತಿದ್ದ ರಾಜಶೇಖರ ಅಲ್ಲಿ ತಿಂಗಳಿಗೊಂದು ಸಂಜೆ ಹಳೆಯ ಸಾಹಿತಿಯೊಬ್ಬರ ನಾಟಕ ಆಡಿಸುತ್ತಿದ್ದರು. ಅಂಕಗಳ ನಡುವೆ ಅತಿಥಿಗಳಿಗೆ ಭರ್ಜರಿ ಊಟ.

ಈ ಸಲದ ಸಾಹಿತಿ ಹೊರಮಾವು ನಂಜುಂಡರಾಯರು. ನಾಟಕ 'ಎರಡನೇ ಪಂಕ್ತಿ'. ತನ್ನದೇ ಮದುವೆಯ ಊಟದಲ್ಲಿ ಮದುಮಗಳು ಮೊದಲ ಪಂಕ್ತಿಯಿಂದ ಎದ್ದು, ಮನೆಯ ಹಿಂದೆ ಹಸಿದು ಕಾಯುತ್ತಿದ್ದವರ ಜೊತೆ ನೆಲದ ಮೇಲೆ ಕೂತು ಮುದ್ದೆ ಉಣ್ಣುವ ಕಥೆ. ಏಳುವ ಮೊದಲು ಅವಳು ಆಡುವ ಮಾತೊಂದಿದೆ: "ಅವರಿಗೆ ಎಲೆ ಹಾಕದೆ ನನಗೆ ಹಾಕಿದ ಎಲೆ, ಎಂಜಲೆಲೆ!"

ಸಿದ್ಧಾರ್ಥನ ಕೈ ಜಾರುತ್ತಿದ್ದದ್ದು ಆ ಮಾತಿಗೇ.

ಮದುಮಗಳ ಪಾತ್ರದ ರುದ್ರಾಣಿ ಗದಗಿನವಳು. ಹಗಲೆಲ್ಲ ಗರುಡಾಚಾರ್‌ಪಾಳ್ಯದ ಆಫೀಸು, ಸಂಜೆಯಾದರೆ ನಾಟಕ. ಅಪ್ಪ ಫೋನ್ ಮಾಡಿದಾಗೆಲ್ಲ ಒಂದು ಗಂಡಿನ ಸುದ್ದಿ ತರುತ್ತಿದ್ದರು, ಅವಳು ಬೇಡ ಎನ್ನುತ್ತಿದ್ದಳು. "ನಾಟಕದಾಗ ದಿನಾ ಮದಿವಿ ಆಗಾಕತ್ತೈತಲ್ಲ, ಸಾಕು ಬಿಡ್ರಿ ಅಪ್ಪಾ," ಎಂದರೆ ಅಪ್ಪನಿಗೆ ಉರಿದೇ ಹೋಗುತ್ತಿತ್ತು!

ಆ ಸಂಜೆ ತಾಲೀಮು ಮುಗಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ಕಲಾವಿದರು ಹಿಂದಿನ ಜಗಲಿಯಲ್ಲಿ ಉಣ್ಣಬೇಕೆಂಬುದು ಬಂಗಲೆಯ ನಿಯಮ. ಸಿದ್ಧಾರ್ಥ್ ಅವರ ತಟ್ಟೆಗಳನ್ನು ಹಾಲ್‌ನ ನಡುವೆ, ಅತಿಥಿಗಳ ದೊಡ್ಡ ತೇಗದ ಮೇಜಿನ ಮೇಲೆಯೇ ಜೋಡಿಸಿದ್ದ.

"ರಾಜಶೇಖರ್ ಸರ್ ನೋಡಿದ್ರೆ?" ಎಂದಳು ನಿರ್ದೇಶಕಿ ನೌರೀನ್. ಶಿವಾಜಿನಗರದ ಹುಡುಗಿ, ರುದ್ರಾಣಿಯ ಜೀವದ ಗೆಳತಿ.

"ನೋಡ್ಲಿ. ಅಡುಗೆ ನನ್ನದು, ಬಡಿಸೋ ಜಾಗಾನೂ ನನ್ನದೇ," ಎಂದ ಸಿದ್ಧಾರ್ಥ್.

ದೊಡ್ಡ ಹೋಟೆಲೊಂದರ ಕೆಲಸ ಬಿಟ್ಟು ಸ್ವಂತ ಕೇಟರಿಂಗ್ ನಡೆಸುತ್ತಿದ್ದವನು ಅವನು. ಮಾತು ಕಡಿಮೆ, ಹಟ ಜಾಸ್ತಿ. ರುದ್ರಾಣಿ ತಲೆ ತಗ್ಗಿಸಿ ಉಂಡಳು. ಸಾರು ಅದ್ಭುತವಾಗಿತ್ತು. ಸಿಟ್ಟಿನಲ್ಲಿದ್ದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ!

ದಿನ ಕಳೆದಂತೆ ಸಿಟ್ಟು ಕರಗಿತು. ತಾಲೀಮಿಗೆ ಮೊದಲು ಅಡುಗೆಮನೆಗೊಂದು ಇಣುಕು, ಆಮೇಲೆ ಒಂದು ಲೋಟ ಶುಂಠಿ ಚಹಾ, ಆಮೇಲೆ ಮುಗಿಯದ ಮಾತು...

"ನಂಗ ಮುದ್ದಿ ಉಣ್ಣಾಕ ಬರೂದಿಲ್ಲ. ನಾವು ರೊಟ್ಟಿ ಮಂದಿ. ಕಡೀ ದೃಶ್ಯದಾಗ ಮಂದಿ ನಕ್ಕರ?" ಎಂದು ಅವಳು ಹೇಳಿದ್ದೇ ತಡ, ಭಾನುವಾರ ಮಧ್ಯಾಹ್ನ ಅವನು ಅವಳನ್ನು ಹಲಸೂರಿನ ತನ್ನ ಮನೆಗೆ ಕರೆದೊಯ್ದ.

ಕೆರೆಯ ಹಿಂದಿನ ಓಣಿ. ಎರಡೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ. ಅವನ ತಾಯಿ ಗೋವಿಂದಮ್ಮ ಅವಳ ಮುಂದೆ ಬಿಸಿಮುದ್ದೆ ಇಟ್ಟರು.

"ಅಗೀಬೇಡ ಕಣಮ್ಮ, ಸಾರಲ್ಲಿ ಅದ್ದಿ ನುಂಗು. ಹ್ಞಾಂ, ಹಂಗೆ!"

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು. ಮೂವರೂ ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಗೋವಿಂದಮ್ಮ ಹೇಳಿದರು: "ನಮ್ಮತ್ತೆ ಅಂಥದ್ದೇ ಒಂದು ಬಂಗಲೇಲಿ ಕೆಲ್ಸಕ್ಕಿದ್ರು. ಒಳಗಿನೋರೆಲ್ಲ ಉಂಡಾದ್ಮೇಲೆ ಹಿಂಬಾಗಿಲಲ್ಲಿ ಉಳಿದಿದ್ದು ಹಾಕೋರು. ಎಲೆ ಕೂಡ ಇಲ್ಲ, ಸೆರಗಿಗೇ. ಅದನ್ನ ತಂದು ಈ ಸಿದ್ದೂಗೆ ತಿನ್ನಿಸೋರು. ಇವನಿಗಾಗ ತಿಳಿವಳಿಕೆ ಎಲ್ಲಿತ್ತು? ಅಜ್ಜಿ ಹಬ್ಬದೂಟ ತಂದ್ಲು ಅಂತ ಕುಣಿಯೋನು."

ರುದ್ರಾಣಿಯ ಕೈ ತಟ್ಟೆಯಲ್ಲೇ ನಿಂತಿತು. 'ಅಂದ್ರ... ಅವತ್ತು ಇವರು ಹೇಳಿದ್ದು ಡೈಲಾಗ್ ಅಲ್ಲ!'

ಅವಳು ತಲೆಯೆತ್ತಿದಳು. ಸಿದ್ಧಾರ್ಥ್ ಕಿಟಕಿಯತ್ತ ನೋಡುತ್ತಿದ್ದ. ಆ ಕ್ಷಣ ಅವಳ ಎದೆಯಲ್ಲಿ ಏನೋ ಸದ್ದಿಲ್ಲದೆ ಜಾಗ ಬದಲಿಸಿತು.

ಪ್ರದರ್ಶನದ ಹಿಂದಿನ ದಿನ ರಾಜಶೇಖರ ತಂಡವನ್ನು ಹಾಲ್‌ಗೆ ಕರೆದರು.

"ಕೊನೇ ದೃಶ್ಯ ಕಟ್. ನಮ್ಮ ಗೆಸ್ಟ್‌ಗಳು ಊಟಕ್ಕೆ ಬರ್ತಾರೆ, ಪಾಠ ಕೇಳೋಕಲ್ಲ. ಹೋಳಿಗೆ ತಿಂತಾ ಕೂತೋರ ಮುಂದೆ ಹಸಿವು, ಎಂಜಲು ಅಂದ್ರೆ ಹೇಗೆ? ಎರಡನೇ ಅಂಕಕ್ಕೆ ಮುಗಿಸಿ, ನಾನು ವಂದನೆ ಹೇಳ್ತೀನಿ. ಇಲ್ಲಾಂದ್ರೆ ಮುಂದಿನ ಯಾವ ಸಂಜೇನೂ ನಿಮ್ಮ ತಂಡಕ್ಕಿಲ್ಲ."

"ಆ ದೃಶ್ಯ ಇಲ್ಲಂದ್ರ ನಾಟಕನ ಇಲ್ಲ, ಸರ್!" ರುದ್ರಾಣಿ ಸಿಡಿದಳು. "ರಾಯರ ಹೆಸರಲೇ ಊಟ ಹಾಕಿ, ರಾಯರ ಬಾಯಿ ಮುಚ್ಚತೀರೇನು?"

"ನನ್ನೊಬ್ಬನ ಮಾತಲ್ಲಮ್ಮ. ನಿಮ್ಮ ಸಿದ್ಧಾರ್ಥ್ ಅವರೇ ಹೇಳಿದ್ರು, ಆ ಸೀನ್ ಬೇಡ, ತೆಗೆದುಬಿಡಿ ಅಂತ. ಕೇಳ್ನೋಡಿ."

ಅವಳು ನೇರ ಅಡುಗೆಮನೆಗೆ ಹೋದಳು. "ಕಡೀ ದೃಶ್ಯ ತಗೀರಿ ಅಂತ ನೀವು ಹೇಳಿದ್ರೇನು?"

ಸಿದ್ಧಾರ್ಥನ ಮುಖ ಬಿಳುಚಿತು. "ಹೇಳಿದೆ. ಆದ್ರೆ ರುದ್ರಾಣಿ..."

"ಆದ್ರೆ ಗೀದ್ರೆ ಬ್ಯಾಡ. ನಿಮ್ಮ ಅಜ್ಜಿ ಕಥಿ ಕೇಳಿ ಅವತ್ತ ರಾತ್ರಿ ನಾ ಅತ್ತಿದ್ದೆ. ನಿಮಗ ಅದನ್ನ ಮಂದಿ ಮುಂದ ಇಡಾಕ ನಾಚಿಕಿ ಆತಲ್ಲ? ಥೂ!"

"ಒಂದ್ನಿಮಿಷ ಕೇಳ್ರೀ..."

ಅವಳು ಕೇಳಲಿಲ್ಲ. ಮೆಟ್ರೋದಲ್ಲಿ ಕೂತಾಗ ಕಣ್ಣೀರು ತಡೆಯಲಾಗಲಿಲ್ಲ. ದೃಶ್ಯ ಹೋಯಿತೆಂಬ ದುಃಖವೋ, ಅವನನ್ನು ನಂಬಿದೆನೆಂಬ ದುಃಖವೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಸಂಜೆ ಬಂಗಲೆ ದೀಪಗಳಿಂದ ಝಗಮಗಿಸಿತು. ಮೇಜಿನ ಸುತ್ತ ರೇಷ್ಮೆ ಸೀರೆಗಳು, ಕೋಟುಗಳು, ಅತ್ತರಿನ ಘಮ. ಅಂಕದ ನಡುವೆ ಕೋಸಂಬರಿ, ಹೋಳಿಗೆ, ಬಾದಾಮಿ ಹಾಲು.

"ನಾ ಕಡೀ ದೃಶ್ಯ ಆಡತೇನಿ," ಎಂದಳು ರುದ್ರಾಣಿ, ಪರದೆಯ ಹಿಂದೆ.

ನೌರೀನ್ ಅವಳನ್ನೇ ನೋಡಿದಳು. "ಇನ್ಮೇಲೆ ನಮಗೆ ಈ ಜಾಗ ಇರಲ್ಲ."

"ಗೊತ್ತೈತಿ. ನೀ ಬ್ಯಾಡ ಅಂದ್ರ ಬಿಡತೇನಿ."

ನೌರೀನ್ ಅವಳ ಕೊರಳ ಹಾರ ನೇರ ಮಾಡಿದಳು. "ನಾನು ಬೇಡ ಅನ್ನಲ್ಲ. ಲೈಟೂ ಆರಿಸಲ್ಲ. ಹೋಗು."

ಎರಡನೇ ಅಂಕ ಮುಗಿಯಿತು. ಚಪ್ಪಾಳೆ. ರಾಜಶೇಖರ ಮೈಕ್ ಹಿಡಿದು ಬಂದರು. "ಈ ಸುಂದರ ಸಂಜೆಗೆ..."

"ಊಟ ಇನ್ನೂ ಮುಗಿದಿಲ್ಲ."

ರುದ್ರಾಣಿ ರಂಗದ ನಡುವಿನಿಂದ ಕದಲಿರಲಿಲ್ಲ. ಅವಳ ಧ್ವನಿಗೆ ಮೈಕ್ ಬೇಕಿರಲಿಲ್ಲ.

"ಮನೆಯ ಹಿಂದೆ ಜನ ಕಾಯುತ್ತಿದ್ದಾರೆ. ಅವರಿಗೆ ಎಲೆ ಹಾಕದೆ ನನಗೆ ಹಾಕಿದ ಎಲೆ, ಎಂಜಲೆಲೆ!"

ಕೊರಳ ಹಾರ ತೆಗೆದು ಪಕ್ಕಕ್ಕಿಟ್ಟು, ಕೆಂಪು ನೆಲದ ಮೇಲೆ ಕೂತುಬಿಟ್ಟಳು. ಹಾಲ್‌ನಲ್ಲಿ ಚಮಚದ ಸದ್ದೂ ನಿಂತಿತು.

"ಲೈಟ್ ಆಫ್ ಮಾಡಿ!" ರಾಜಶೇಖರ ಪಿಸುಗುಟ್ಟಿದರು.

"ಸಾರಿ ಸರ್. ನಾಟಕ ನಡೀತಿದೆ," ಎಂದಳು ನೌರೀನ್.

ಆದರೆ ರುದ್ರಾಣಿಯ ಮುಂದೆ ಎಲೆ ಇರಲಿಲ್ಲ, ಊಟ ಇರಲಿಲ್ಲ. ದೃಶ್ಯ ಹೋಯಿತೆಂದು ಎರಡನೇ ಪಂಕ್ತಿಯ ಪಾತ್ರಧಾರಿಗಳನ್ನು ನಿನ್ನೆಯೇ ಬೇಡವೆಂದು ಕಳಿಸಿದ್ದರು. ಅವಳೊಬ್ಬಳೇ. ಒಂದು ಕ್ಷಣ... ಎರಡು ಕ್ಷಣ... ಯಾರೋ ಕಿಸಕ್ಕೆಂದರು. 'ಏಳೂದಿಲ್ಲ. ಏನಾದ್ರೂ ಆಗಲಿ, ನಾ ಏಳೂದಿಲ್ಲ!'

ಆಗ ಮುಂಬಾಗಿಲು ತೆರೆಯಿತು.

ಬಡಿಸುವವರು ಹಿಂಬಾಗಿಲಿನಿಂದಲೇ ಬರಬೇಕೆಂದು ರಾಜಶೇಖರರ ಕಟ್ಟಪ್ಪಣೆ. ಸಿದ್ಧಾರ್ಥ್ ಮುಂಬಾಗಿಲಿನಿಂದ ಬಂದ. ಕಂಕುಳಲ್ಲಿ ಬಾಳೆಎಲೆ, ಕೈಯಲ್ಲಿ ಹಬೆಯಾಡುವ ಪಾತ್ರೆ. ಅತಿಥಿಗಳ ನಡುವೆಯೇ ನಡೆದು ಬಂದು, ಅವಳ ಮುಂದೆ ಎಲೆ ಹಾಸಿ, ನೀರು ಚಿಮುಕಿಸಿ, ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟ. ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ತಾನೂ ಕೂತ.

ರುದ್ರಾಣಿ ಎಲೆಯನ್ನೇ ನೋಡಿದಳು. ಬಿಸಿ ಮುದ್ದೆ! ಇದು ಈಗ ಹೊಳೆದು ಮಾಡಿದ್ದಲ್ಲ, ಮೊದಲೇ ಎಸರಿಟ್ಟು ತೊಳಸಿಟ್ಟದ್ದು.

"ನೀವು ಬಿಡಲ್ಲ ಅಂತ ಗೊತ್ತಿತ್ತು," ಎಂದ ಅವನು, ಅವಳಿಗಷ್ಟೇ ಕೇಳುವಂತೆ.

ಅವನು ಅವಳನ್ನು ನಂಬಿದ್ದ. ಅವಳು ಮಾತ್ರ ಅವನ ಮಾತನ್ನು ಒಂದು ನಿಮಿಷವೂ ಕೇಳಿರಲಿಲ್ಲ...

ಅವಳು ತುತ್ತು ಮುರಿದಳು, ಅದ್ದಿದಳು, ನುಂಗಿದಳು. ಅವನೂ ಉಂಡ. ರಾಯರು ಆ ದೃಶ್ಯಕ್ಕೆ ಮಾತು ಬರೆದಿರಲಿಲ್ಲ. ಉಣ್ಣುವುದಷ್ಟೇ.

ಮೇಜಿನ ತುದಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕುರ್ಚಿ ಹಿಂದೆ ಸರಿಸಿ ಎದ್ದರು. ಎಲ್ಲರೂ ಅವರು ಹೊರಟೇಹೋದರೆಂದುಕೊಂಡರು. ಅವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು ನೆಲದ ಮೇಲೆ ಕೂತರು. "ನಂಗೂ ಒಂದು ಎಲೆ ಹಾಕಪ್ಪ."

ಆಮೇಲೆ ಇನ್ನೊಬ್ಬರು. ಆಮೇಲೆ ಒಂದು ಜೋಡಿ. ಎಲ್ಲರೂ ಏಳಲಿಲ್ಲ. ಕೆಲವರು ಮುಖ ಸಿಂಡರಿಸಿ ಕಾರು ಕರೆಸಿಕೊಂಡರು. ಆದರೆ ಪಂಕ್ತಿ ಗೋಡೆಯವರೆಗೂ ಬೆಳೆಯಿತು.

ಎಲ್ಲ ಮುಗಿದಾಗ ರಾಜಶೇಖರರ ಧ್ವನಿ ಗಡುಸಾಗಿತ್ತು. "ಇನ್ನು ಈ ಗೇಟೊಳಗೆ ನೀವ್ಯಾರೂ ಕಾಲಿಡಬಾರದು. ಮೂವರಿಗೂ ಹೇಳ್ತಿದೀನಿ."

"ಆತು ಸರ್," ಎಂದಳು ರುದ್ರಾಣಿ. "ಹೋಗತೇವಿ. ಮುಂಬಾಗಿಲದಿಂದ."

ಮರುದಿನ ಬೆಳಿಗ್ಗೆ ಅವಳು ಹಲಸೂರಿನ ಓಣಿಗೆ ಬಂದಾಗ ಸಿದ್ಧಾರ್ಥ್ ಮನೆಯ ಮುಂದೆ ಕೊಳಗಗಳನ್ನು ಬೋರಲು ಹಾಕುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡ.

"ಈಗ ಹೇಳ್ರಿ. ಅವತ್ತು ನಾ ಕೇಳದ ಬಿಟ್ಟ ಮಾತು."

"ಮುದ್ದೆ ನೋಡೋಕೆ ಚೆನ್ನಾಗಿರಲ್ಲ, ಆ ಸೀನಲ್ಲಿ ಪನೀರು, ಪಲಾವು ಇಡಿ ಅಂದ್ರು ಸರ್. ಹಿಂದೆ ಕಾಯೋರು ಪಲಾವು ತಿಂತಿದ್ರಾ? ಹಂಗಾದ್ರೆ ಆ ಸೀನೇ ಬೇಡ, ತೆಗೆದುಬಿಡಿ ಅಂದೆ. ಸಿಟ್ಟಲ್ಲಿ. ಅವರು ಅಷ್ಟನ್ನೇ ಹಿಡ್ಕೊಂಡ್ರು."

ಅವಳ ಕಣ್ಣು ತುಂಬಿತು. "ತಪ್ಪಾತ್ರಿ. ಥೂ ಅಂದ್ಬಿಟ್ಟೆ ನಿಮಗ."

"ಅಂದಿದ್ದು ಚೆನ್ನಾಗೇ ಇತ್ತು. ಒಳ್ಳೆ ನಟಿ ನೀವು."

ಅಳುತ್ತಲೇ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. "ಇನ್ನೊಂದು ಮಾತು ಐತಿ. ಮುಂಜಾನೆ ಅಪ್ಪಗ ಫೋನ್ ಮಾಡಿದ್ದೆ. ಗಂಡು ನೋಡೂದು ಬಿಡ್ರಿ, ನಾ ಮದಿವಿ ಆದ್ರ ಹಲಸೂರಿನ ಸಿದ್ಧಾರ್ಥನ್ನ ಆಗಾಕಿ ಅಂದೆ."

ಅವನ ಕೈಯ ಬಟ್ಟೆ ಕೆಳಗೆ ಬಿತ್ತು. "ನಂಗೆ ಹೇಳೋಕ್ ಮುಂಚೆನೇ?"

"ಕಷ್ಟದ ಕೆಲಸ ಮೊದಲ ಮುಗಿಸಿದೆ."

"ಅವರೇನಂದ್ರು?"

"ಯಾವ ಮಂದಿ ಅಂತ ಕೇಳಿದ್ರು. ಹೇಳಿದೆ. ಫೋನ್ ಇಟ್ಟರು." ಅವಳು ಬಿದ್ದ ಬಟ್ಟೆ ಎತ್ತಿ ಅವನ ಕೈಗಿಟ್ಟಳು. "ನಾಳೆ ಮತ್ತ ಮಾಡತೇನಿ. ನಾಡದ್ದೂ ಮಾಡತೇನಿ. ಅವರು ಎಷ್ಟು ಸಲ ಇಡತಾರೋ ಇಡಲಿ."

ಸಿದ್ಧಾರ್ಥ್ ಹತ್ತಿರ ಬಂದ. ಅವನ ಕಣ್ಣಲ್ಲೂ ನೀರಿತ್ತು.

"ಸುಲಭದ ಕೆಲಸ ಬಾಕಿ ಇದೆಯಲ್ಲ," ಎಂದ ಮೆಲ್ಲಗೆ.

"ಯಾವುದು?"

"ನನ್ನನ್ನ ಕೇಳೋದು."

ಅವಳು ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಮೊದಲ ಬಾರಿಗೆ 'ರೀ' ಬಿಟ್ಟು ಕರೆದಳು.

"ಸಿದ್ದೂ... ನನ್ನ ಜೋಡಿ ಇರತೀ?"

"ಇರ್ತೀನಿ ಕಣೇ."